ಪಡಸಾಲೆಯಲ್ಲಿ ಟೆನಿಸ್ ಅಂಕಣ

ಹೋದ ತಿಂಗಳು ಒಂದು ರವಿವಾರ ಬೆಳಿಗ್ಗೆ, ಸ್ನಾನ ಪೂಜೆಗಳನ್ನು ತೀರಿಸಿಕೊಂಡು, ಧಾರವಾಡದಲ್ಲಿರುವ ನಮ್ಮ ಬಾಲ್ಯಮಿತ್ರರ ಮನೆಗೆ ಹೋಗಿದ್ದೆವು. ಬಾಗಿಲು ತೆರೆದೇ ಇತ್ತು. ಪಡಸಾಲೆಯ ಕುರ್ಚಿ ಮೇಜುಗಳನ್ನೆಲ್ಲ ಗೋಡೆಗೆ ಸರಿಸಲಾಗಿತ್ತು. ನಟ್ಟನಡುವೆ ನಮ್ಮ ಮಿತ್ರರು ಕಣ್ಣಿಗೆ ಡಬ್ಬಿಯಂಥದೊಂದನ್ನು ಬಿಗಿದುಕೊಂಡು, ಎರಡೂ ಕೈಗಳಲ್ಲಿ ಚಿಕ್ಕ ಹಿಡಿಕೆಗಳನ್ನು ಹಿಡಿದು, ಬರಿಯ ಗಾಳಿಯನ್ನು ಬೀಸಿ ಬೀಸಿ ಹೊಡೆಯುತ್ತಿದ್ದರು. ಬೆವರು ಕೊರಳಿಗಿಳಿದಿತ್ತು. “ಔಟ್! ಅದು ಔಟ್ ಐತಿ!” ಎಂದು ಕಾಣದ ಯಾರೊಡನೆಯೋ ವಾದ ನಡೆದಿತ್ತು. ನಾವು ಹೊಸ್ತಿಲಲ್ಲೇ ನಿಂತುದನ್ನು ಕಂಡು ಮನೆಯ ಅಕ್ಕನವರು ನಗುತ್ತ ಬಂದು, “ಹೆದರಬ್ಯಾಡ್ರಿ ಗುರುಗಳ, ಕೂಡ್ರಿ. ಮಗನ ಕೂಡ ಟೆನಿಸ್ ಆಡಾಕತ್ಯಾರ” ಎಂದರು.

ಮಗನಿರುವುದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ. ನಮ್ಮಲ್ಲಿ ರವಿವಾರದ ಬೆಳಗಿನ ಏಳು ಗಂಟೆಯಾದಾಗ, ಬೇಸಗೆಯಲ್ಲಿ ಅಲ್ಲಿ ಶನಿವಾರದ ಸಂಜೆ ಆರೂವರೆ.

ಓದುಗರಿಗೆ ಹಿನ್ನೆಲೆಯನ್ನು ತಿಳಿಸಬೇಕು. ನಮ್ಮ ಮಿತ್ರರು ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದವರು; ತರುಣರಾಗಿದ್ದಾಗ ಕ್ಲಬ್ಬಿನ ಕೆಮ್ಮಣ್ಣಿನ ಅಂಕಣದಲ್ಲಿ ದಿನವೂ ಟೆನಿಸ್ ಆಡುತ್ತಿದ್ದರು. ಮಗನಿಗೆ ಹತ್ತು ವರ್ಷವಾದಾಗ ಅವನನ್ನೂ ಎಬ್ಬಿಸಿಕೊಂಡು ಹೋಗಿ ಕಲಿಸಿದರು. ಮುಂದೆ ಎಡಮೊಣಕಾಲು ಸವೆಯಿತು. ಓಡಕೂಡದೆಂದು ವೈದ್ಯರು ಕಟ್ಟಪ್ಪಣೆ ಮಾಡಿದರು. ರ್ಯಾಕೆಟ್ಟು ಮೊಳೆಗೆ ತೂಗಿತು. 2024ರ ಜನವರಿಯಲ್ಲಿ ಕೊಡಗಿನ ರೋಹನ್ ಬೋಪಣ್ಣನವರು ತಮ್ಮ 43ನೆಯ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರಲ್ಲ, ಆ ಪಂದ್ಯವನ್ನು ದೂರದರ್ಶನದಲ್ಲಿ ನೋಡುತ್ತ ಕುಳಿತ ತಂದೆಯ ಕೈ ತಾನಾಗಿಯೇ ಆಡುತ್ತಿತ್ತಂತೆ. ಅಕ್ಕನವರು ಅದನ್ನು ಫೋನಿನಲ್ಲಿ ಮಗನಿಗೆ ಹೇಳಿದರು. ಮುಂದಿನ ಸಲ ಊರಿಗೆ ಬಂದಾಗ ಅವನು ಈ ಸಾಧನವನ್ನು ತಂದುಕೊಟ್ಟ.

ಇದನ್ನು ‘ವರ್ಚುವಲ್ ರಿಯಾಲಿಟಿ’ ಎನ್ನುತ್ತಾರೆ. ತೋರಿಕೆಯ ವಾಸ್ತವವೆಂದು ನಾವು ಹೇಳಿಕೊಳ್ಳಬಹುದು. ಒಂದೊಂದು ಕಣ್ಣಿನ ಮುಂದೆ ಒಂದೊಂದು ಚಿತ್ರ, ಎರಡಕ್ಕೂ ಕಿಂಚಿತ್ ವ್ಯತ್ಯಾಸ. ಅದರಿಂದ ಆಳದ ಅನುಭವ. ಡಬ್ಬಿಯ ಹೊರಮೈಯಲ್ಲಿರುವ ಪುಟ್ಟ ಕ್ಯಾಮೆರಾಗಳು ಕೋಣೆಯ ಗೋಡೆ ಮೂಲೆಗಳನ್ನು ಸದಾ ನೋಡುತ್ತ, ತಲೆ ಎಲ್ಲಿದೆ, ಯಾವ ಕಡೆಗೆ ತಿರುಗಿದೆ ಎಂಬುದನ್ನು ಲೆಕ್ಕಹಾಕುತ್ತವೆ. ಆ ಲೆಕ್ಕದಂತೆ ಚಿತ್ರವು ಸೆಕೆಂಡಿಗೆ 72ರಿಂದ 120 ಬಾರಿ ಹೊಸದಾಗುತ್ತದೆ. 1968ರಲ್ಲಿ ಅಮೆರಿಕದ ಐವನ್ ಸದರ್ಲೆಂಡ್ ಎಂಬ ವಿಜ್ಞಾನಿ ಇಂಥದನ್ನು ಮೊದಲಿಗೆ ಮಾಡಿದಾಗ ಅದನ್ನು ಚಾವಣಿಗೆ ಜೋಡಿಸಬೇಕಾಗಿತ್ತು. 2023ರಲ್ಲಿ ಬಂದ ಮೆಟಾ ಕ್ವೆಸ್ಟ್ 3 ಎಂಬುದರ ತೂಕ 515 ಗ್ರಾಂ ಮಾತ್ರ.

ಯಂತ್ರದಲ್ಲಿ ಟೆನಿಸ್ ಆಡುವ ಹಂಬಲವೂ ಹಳೆಯದೇ. 1958ರಲ್ಲಿ ನ್ಯೂಯಾರ್ಕ್ ಪ್ರಾಂತದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಮ್ ಎಂಬ ಭೌತವಿಜ್ಞಾನಿ, ನೋಡಲು ಬಂದ ಜನರಿಗೆ ಬೇಸರವಾಗದಿರಲೆಂದು ಆಸಿಲೋಸ್ಕೋಪಿನ ಪುಟ್ಟ ತೆರೆಯ ಮೇಲೆ ಬೆಳಕಿನ ಚುಕ್ಕೆಯೊಂದನ್ನು ಬಲೆಯ ಮೇಲಿಂದ ಆಚೆಗೂ ಈಚೆಗೂ ಹಾರಿಸಿದರು. 2006ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯ ವೀ ಬಂದಾಗ ಕೈಯಲ್ಲಿದ್ದ ಹಿಡಿಕೆಯನ್ನು ಬೀಸಿ ಆಡುವಂತಾಯಿತು. ಆದರೆ ಸೋಫಾದಲ್ಲಿ ಕುಳಿತೇ ಮಣಿಕಟ್ಟನ್ನು ಕೊಡವಿದರೂ ಅದರಲ್ಲಿ ಚೆಂಡು ಹೋಗುತ್ತಿತ್ತು. ಈಗಿನದರಲ್ಲಿ ಆ ಸೋಮಾರಿತನ ನಡೆಯದು. ಚೆಂಡು ಎಲ್ಲಿದೆಯೋ ಅಲ್ಲಿಗೇ ರ್ಯಾಕೆಟ್ಟಿನ ಮುಖ ಸರಿಯಾದ ಓರೆಯಲ್ಲಿ, ಸರಿಯಾದ ಕ್ಷಣಕ್ಕೆ ಬರಬೇಕು.

ಆಟ ಮುಗಿದ ಮೇಲೆ ಮಿತ್ರರು ಡಬ್ಬಿಯನ್ನು ನಮ್ಮ ತಲೆಗೇ ತೊಡಿಸಿದರು. ಬೇಡವೆನ್ನುವ ಗಾಂಭೀರ್ಯ ನಮಗೂ ಉಳಿಯಲಿಲ್ಲ.

ಪಡಸಾಲೆ ಮಾಯವಾಯಿತು. ಮೇಲೆ ಆಕಾಶ, ಕಾಲಡಿಯಲ್ಲಿ ಕೆಂಪು ನೆಲ, ಎದುರಿಗೆ ಬಲೆ. 78 ಅಡಿ ಉದ್ದದ ಅಂಕಣ ಆರೂವರೆ ಅಡಿ ಚೌಕದೊಳಗೆ ಹೇಗೆ ಹಿಡಿಯಿತು ಎಂಬುದೇ ಮೊದಲ ಅಚ್ಚರಿ. ಅದಕ್ಕೆ ಆಟವನ್ನು ರಚಿಸಿದವರು ಉಪಾಯಗಳನ್ನು ಹುಡುಕಿದ್ದಾರೆ: ಯಂತ್ರವೇ ನಮ್ಮನ್ನು ಚೆಂಡಿನ ಬಳಿಗೆ ಒಯ್ಯುವುದುಂಟು, ಹೆಬ್ಬೆರಳಿನ ಗುಂಡಿಯಿಂದ ನಾವೇ ಸರಿಯುವುದುಂಟು, ಇಟ್ಟ ಒಂದು ಹೆಜ್ಜೆಯನ್ನು ಮೂರಾಗಿ ಎಣಿಸುವುದೂ ಉಂಟು. ಮೊಣಕಾಲು ನೋಯುವ ನಮ್ಮ ಮಿತ್ರರಿಗೆ ಮೊದಲನೆಯದೇ ಹಿತ. ನಮಗೋ, ಕಾಲು ನಿಂತಲ್ಲಿಯೇ ಇದ್ದು ಕಣ್ಣು ಮಾತ್ರ ಓಡಿದ್ದರಿಂದ ಹೊಟ್ಟೆ ತೊಳಸಿದಂತಾಯಿತು. ಚಲಿಸುತ್ತಿದ್ದೇವೆಂದು ಕಣ್ಣು ಹೇಳುತ್ತದೆ, ಇಲ್ಲವೆಂದು ಒಳಗಿವಿ ಹೇಳುತ್ತದೆ. ಈ ಜಗಳದಿಂದಲೇ ವಾಕರಿಕೆ.

ಚೆಂಡಿನ ನಡೆ ಮಾತ್ರ ಬಹುಮಟ್ಟಿಗೆ ಸಾಚಾ. ನಿಜವಾದ ಟೆನಿಸ್ ಚೆಂಡನ್ನು 254 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟರೆ, ಸಾಮಾನ್ಯ ಬಗೆಯದು 135ರಿಂದ 147 ಸೆಂಟಿಮೀಟರ್ ಪುಟಿಯಬೇಕೆಂದು ನಿಯಮವಿದೆ. ಮೇಲ್ಮುಖವಾಗಿ ಉಜ್ಜಿ ಹೊಡೆದ ಚೆಂಡು ಮುಂದಕ್ಕೆ ಉರುಳುತ್ತ ಹಾರುವಾಗ ಗಾಳಿ ಅದನ್ನು ಕೆಳಗೆ ಒತ್ತುತ್ತದೆ; ಮಣ್ಣಿನ ಅಂಕಣ ಚೆಂಡಿನ ವೇಗವನ್ನು ತಗ್ಗಿಸಿ ಎತ್ತರಕ್ಕೆ ಪುಟಿಸುತ್ತದೆ, ಹುಲ್ಲು ಅದನ್ನು ಜಾರಿಸಿ ಬಿಡುತ್ತದೆ. ಒಳ್ಳೆಯ ಆಟಗಳಲ್ಲಿ ಇವೆಲ್ಲವನ್ನೂ ಗಣಿತದಿಂದ ನಡೆಸುತ್ತಾರೆ. ಹಗ್ಗದಲ್ಲಿ ಹಾವನ್ನು ಕಾಣುವ ದೃಷ್ಟಾಂತವನ್ನು ನಾವು ಎಳವೆಯಲ್ಲಿ ಮಠದ ಪಾಠಶಾಲೆಯಲ್ಲಿ ಓದಿದವರು. ಅಲ್ಲಿ ಹಗ್ಗವೆಂದು ತಿಳಿದ ಕ್ಷಣಕ್ಕೆ ಹಾವು ಅಳಿಯುತ್ತದೆ. ಇಲ್ಲಿಯಾದರೋ ಚೆಂಡು ಇಲ್ಲವೆಂದು ಚೆನ್ನಾಗಿ ಬಲ್ಲ ನಾವು, ಅದು ಮುಖದತ್ತ ಬಂದಾಗ ಪ್ರತಿಸಲವೂ ತಲೆ ತಗ್ಗಿಸಿದೆವು! ಗುರುಗಳು ಇದ್ದಿದ್ದರೆ ಕೇಳಬಹುದಾಗಿತ್ತು.

ಸುಳ್ಳು ಬಯಲಾದುದು ಕೈಯಲ್ಲಿ. ನಿಜವಾದ ರ್ಯಾಕೆಟ್ಟು ಸುಮಾರು 300 ಗ್ರಾಂ ತೂಗುತ್ತದೆ. ಈ ಹಿಡಿಕೆ ಅದರ ಅರ್ಧವೂ ಇಲ್ಲ. ತಂತಿಗೆ ಚೆಂಡು ತಾಗಿರುವುದು ಸೆಕೆಂಡಿನ ಸಾವಿರದ ಐದು ಪಾಲಿನಷ್ಟೇ ಹೊತ್ತು. ಆದರೆ ಆ ಒದೆತವೇ ಹಿಡಿತವನ್ನೂ ಭುಜವನ್ನೂ ತಿದ್ದುವ ಗುರು. ಯಂತ್ರದಲ್ಲಿ ಅದರ ಬದಲಿಗೆ ಅಂಗೈಯಲ್ಲೊಂದು ಜುಮುಗುಡುವಿಕೆ, ಅಷ್ಟೆ. ಸಡಿಲವಾಗಿ ಹಿಡಿದರೂ ಶಿಕ್ಷೆಯಿಲ್ಲ. ತೂಕದ ಹಿಡಿಕೆಗಳನ್ನು ಸಿಕ್ಕಿಸಿಕೊಳ್ಳಬಹುದು. ಚೆಂಡಿನ ಒದೆತವನ್ನು ಅವೂ ಕೊಡಲಾರವು. ಸರ್ವ್ ಮಾಡಲು ಕೈಯನ್ನು ಬೆನ್ನ ಹಿಂದಕ್ಕೆ ಒಯ್ದರೆ ಕ್ಯಾಮೆರಾಗಳಿಗೆ ಹಿಡಿಕೆ ಮರೆಯಾಗುತ್ತದೆ. ಆಗ ಒಳಗಿನ ಸೂಕ್ಷ್ಮಮಾಪಕಗಳು ಅಂದಾಜಿನಿಂದ ನಡೆಸುತ್ತವೆ. ಹಳೆಯ ಕೈಯ ನಮ್ಮ ಮಿತ್ರರಿಗೆ ಇದರಿಂದ ಹಾನಿಯಿಲ್ಲ, ಅವರು ಮರೆತದ್ದನ್ನು ನೆನೆಯುತ್ತಿದ್ದಾರೆ. ಹೊಸದಾಗಿ ಕಲಿಯುವ ಮಗುವಿಗೆ ಇದನ್ನೇ ಅಂಕಣವೆಂದು ಕೊಟ್ಟರೆ ತಪ್ಪಾದೀತೆಂದು ನಮ್ಮ ಅಭಿಪ್ರಾಯ. ತಯಾರಿಸಿದ ಮೆಟಾ ಸಂಸ್ಥೆಯವರೂ ಮೊದಲು 13 ವರ್ಷದ ಒಳಗಿನವರಿಗೆ ಬೇಡವೆಂದಿದ್ದು, 2023ರಲ್ಲಿ ಅದನ್ನು ಹಿರಿಯರ ಉಸ್ತುವಾರಿಯಲ್ಲಿ 10ಕ್ಕೆ ಇಳಿಸಿದರು. ಒಂಬತ್ತು ವರ್ಷದ ಮಗಳ ಮಗ ಆ ಮನೆಯಲ್ಲಿ ದಿನವೂ ಕಾಡುತ್ತಾನೆ. ಅಜ್ಜ ಅವನ ಕೈಗೆ ಮೊಳೆಯ ಮೇಲಿನ ಹಳೆಯ ರ್ಯಾಕೆಟ್ಟನ್ನು ಕೊಟ್ಟು ಅಂಗಳದ ಗೋಡೆಗೆ ಚೆಂಡು ಹೊಡೆಯಲು ಕಳಿಸಿದ್ದರು. ನಾವು ಕುಳಿತಿದ್ದಷ್ಟು ಹೊತ್ತೂ ಆ ಟಪ್ ಟಪ್ ಸದ್ದು ಕೇಳುತ್ತಿತ್ತು.

ಇನ್ನೊಂದು ಸಂಗತಿಯನ್ನು ಮುಚ್ಚಿಡಬಾರದು. ನಾಲ್ಕಾರು ಚೆಂಡು ಹೊಡೆಯುವಷ್ಟರಲ್ಲಿ ನಮಗೆ ಉಬ್ಬಸ ಬಂತು. ಬಲೆ ಕೈಯಳತೆಯಲ್ಲೇ ಇತ್ತು. ಸುಧಾರಿಸಿಕೊಳ್ಳೋಣವೆಂದು ಅದರ ಮೇಲೆ ಕೈಯೂರಿದೆವು. ಬಲೆ ಎಲ್ಲಿಯದು! ಮಿತ್ರರು ರಟ್ಟೆ ಹಿಡಿಯದಿದ್ದರೆ ಮೇಜಿನ ಮೂಲೆಗೆ ತಲೆ ತಾಗುತ್ತಿತ್ತು. ನಮ್ಮ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದವರಲ್ಲಿ ಅನೇಕರು ಮತ್ತೆ ಮೊದಲಿನಂತೆ ನಡೆದಾಡುವುದಿಲ್ಲ. ಮನೆಯಲ್ಲಿ ಇದನ್ನಿಟ್ಟವರು ಆಡುವ ಜಾಗದ ಸುತ್ತ ಎರಡೂ ತೋಳು ಚಾಚಿದಷ್ಟು ತೆರಪು ಬಿಡಲಿ, ವಯಸ್ಸಾದವರು ಆಡುವಾಗ ಒಬ್ಬರು ಬಳಿಯಲ್ಲಿರಲಿ. ಅಕ್ಕನವರು ಕೈಯಲ್ಲಿ ಸೊಪ್ಪು ಸೋಸುತ್ತ ಅಲ್ಲಿಯೇ ಕುಳಿತಿರುವುದು ಏಕೆಂದು ಆಗ ತಿಳಿಯಿತು.

ಚಹ ಬಂತು. ಅಷ್ಟು ದೂರದಲ್ಲಿದ್ದು ಜೊತೆಗೆ ಆಡುವುದು ಹೇಗೆ ಸಾಧ್ಯವೆಂದು ಕೇಳಿದೆವು. ಲೆಕ್ಕ ಸ್ವಾರಸ್ಯವಾಗಿದೆ. ಕ್ಯಾಲಿಫೋರ್ನಿಯಕ್ಕೆ ನೇರ ದಾರಿಯಲ್ಲೇ ಸುಮಾರು 14 ಸಾವಿರ ಕಿಲೋಮೀಟರು. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುತ್ತದೆ. ಮಗನ ಹೊಡೆತದ ಸುದ್ದಿ ಇಲ್ಲಿಗೆ ಬರಲು ಸೆಕೆಂಡಿನ ನೂರರಲ್ಲಿ ಏಳು ಪಾಲಾದರೂ ಬೇಕು. ಸುತ್ತುಬಳಸಿನ ದಾರಿಯಾದ್ದರಿಂದ ಇನ್ನೂ ಹೆಚ್ಚು. ಟೆನಿಸ್ ಅಂಕಣ ದೊಡ್ಡದಾಗಿರುವುದೇ ಇಲ್ಲಿ ಕೈಹಿಡಿಯುತ್ತದೆ. ಸಾಮಾನ್ಯರ ಆಟದಲ್ಲಿ ಚೆಂಡು ಈ ತುದಿಯಿಂದ ಆ ತುದಿಗೆ ಹೋಗಲು ಒಂದು ಸೆಕೆಂಡಿನಷ್ಟು ಹಿಡಿಯುತ್ತದೆ. ಸುದ್ದಿ ತಲುಪುವಾಗ ಚೆಂಡು ಇನ್ನೂ ಬಲೆಯನ್ನೂ ದಾಟಿರುವುದಿಲ್ಲ. ಉಳಿದುದನ್ನು ಯಂತ್ರ ಸರಿದೂಗಿಸುತ್ತದೆ. ಒಂಬತ್ತು ಅಡಿಯ ಮೇಜಿನ ಮೇಲಿನ ಟೇಬಲ್ ಟೆನಿಸ್ಸಿನಲ್ಲಿ ಈ ಅನುಕೂಲವಿಲ್ಲ.

“ಮೊದಲ ಫೋನ್ ಹಚ್ಚಿದರ ಊಟ ಆತೇನು, ಮಳಿ ಬಂತೇನು, ಇಷ್ಟ ಮಾತು ಮುಗೀತಿತ್ತು” ಎಂದರು ಮಿತ್ರರು. “ಈಗ ಆಟದ ನಡುವ ತನ್ನ ಕೆಲಸದ ತ್ರಾಸ ಎಲ್ಲಾ ಹೇಳತಾನ. ಎದುರಿಗೆ ಮುಖ ಕಾಣಂಗಿಲ್ಲ ನೋಡ್ರಿ, ಒಂದು ಗೊಂಬಿ ಕಾಣತೈತಿ. ಆದರ ಸರ್ವ್ ಮಾಡೂಮುಂದ ತಲಿ ವಾಲಸತಾನಲ್ಲ, ಅದು ಅವನದ. ಹತ್ತು ವರ್ಷದಾಂವ ಇದ್ದಾಗಿಂದ ಬಿಡಸಾಕ ಆಗಿಲ್ಲ.”

ಗೆದ್ದವರು ಯಾರೆಂದು ಕೇಳಿದೆವು.

“ನಾನ” ಎಂದರು. ಬಸಿಯಲ್ಲಿದ್ದ ಚಹವನ್ನು ಊದಿ ಕುಡಿದು, ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅಂವಾ ಬೇಕಂತನ ನನ್ನ ಮುಂಗೈಗೇ ಹಾಕತಾನ್ರೀ. ಒಂದ ಚೆಂಡೂ ಹಿಂಗೈಗೆ ಬರಂಗಿಲ್ಲ. ನಾ ಅವಗ ಕಲಸೂ ಮುಂದ ಹಂಗ ಹಾಕತಿದ್ದೆ.”

ಅದನ್ನು ಮಗನಿಗೆ ಹೇಳಿದ್ದೀರಾ ಎಂದೆವು. ಅವರು ಅಂಗಳದ ಕಡೆಗೆ ನೋಡುತ್ತಿದ್ದರು. ಚೆಂಡಿನ ಸದ್ದು ನಿಂತಿತ್ತು. ಹುಡುಗ ಅದನ್ನು ಹುಡುಕಿಕೊಂಡು ಪಕ್ಕದ ಹಿತ್ತಿಲಿಗೆ ಇಳಿದಿದ್ದ.