ಬಸುರಿಯೂ ಲಿಥಿಯಮ್ ಔಷಧವೂ

ಕಳೆದ ತಿಂಗಳು ನನ್ನ ಹಳೆಯ ಶಿಷ್ಯನೊಬ್ಬನು ಬಂದು, “ಮೇಷ್ಟ್ರೇ, ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ, ಎಂಟು ತಿಂಗಳು. ಚಿತ್ತವಿಕಾರಕ್ಕಾಗಿ ಲಿಥಿಯಮ್ ಸೇವಿಸುತ್ತಿದ್ದಳು. ಕೂಸಿಗೆ ಕೇಡೆಂದು ನಮ್ಮ ತಾಯಿಯವರು ನಿನ್ನೆ ಮಾತ್ರೆಗಳನ್ನು ಬಚ್ಚಿಟ್ಟರು. ಏನು ಮಾಡಲಿ?” ಎಂದನು. ಆ ಕ್ಷಣವೇ ವೈದ್ಯರಲ್ಲಿಗೆ ಹೋಗೆಂದು ಕಳುಹಿಸಿದೆನು. ವಾಚಕರಿಗೂ ಈ ವಿಷಯವು ತಿಳಿದಿರಲೆಂದು ಇಲ್ಲಿ ಬರೆಯುತ್ತೇನೆ.

ಲಿಥಿಯಮ್ ಎಂಬುದು 1817ರಲ್ಲಿ ಖನಿಜವೊಂದರಲ್ಲಿ ಕಂಡುಬಂದ ಲೋಹ; ಗ್ರೀಕರ ನುಡಿಯಲ್ಲಿ ‘ಲಿಥೋಸ್’ ಎಂದರೆ ಶಿಲೆ. ಇದರ ಲವಣವು ಉನ್ಮಾದವನ್ನು ಶಮನಗೊಳಿಸುವುದೆಂದು ಆಸ್ಟ್ರೇಲಿಯದ ವೈದ್ಯರಾದ ಜಾನ್ ಕೇಡ್ ಅವರು 1949ರಲ್ಲಿ ಪ್ರಕಟಿಸಿದರು. ಅತಿಹರ್ಷವೂ ಅತಿವಿಷಾದವೂ ಮರುಕಳಿಸುವ ರೋಗಕ್ಕೆ ಇಂದಿಗೂ ಇದು ಮುಖ್ಯೌಷಧಗಳಲ್ಲೊಂದು.

ಅಜ್ಜಿಯವರ ಭಯವು ನಿರಾಧಾರವಾದುದಲ್ಲ. ಈ ಲವಣವು ಮಾಸನ್ನು ದಾಟಿ, ತಾಯಿಯ ರಕ್ತದಲ್ಲಿರುವಷ್ಟೇ ಸುಮಾರಾಗಿ ಶಿಶುವಿನ ರಕ್ತದಲ್ಲಿಯೂ ಸೇರುತ್ತದೆ. ಮೊದಲ ಮೂರು ತಿಂಗಳಲ್ಲಿ ಸೇವಿಸಿದರೆ ಶಿಶುವಿನ ಹೃದಯರಚನೆಯಲ್ಲಿ ದೋಷದ ಸಂಭವವು ಹೆಚ್ಚು. 2017ರಲ್ಲಿ ಪ್ರಕಟವಾದ, ಅಮೆರಿಕದ 13 ಲಕ್ಷಕ್ಕೂ ಮಿಕ್ಕ ಗರ್ಭಗಳ ಪರಿಶೀಲನೆಯಲ್ಲಿ, ಅದನ್ನು ಸೇವಿಸದವರ ಮಕ್ಕಳಲ್ಲಿ ಈ ದೋಷವು ನೂರಕ್ಕೆ 1.15 ಇದ್ದರೆ, ಸೇವಿಸಿದವರ ಮಕ್ಕಳಲ್ಲಿ 2.41 ಇದ್ದಿತು. ದಿನಕ್ಕೆ 900 ಮಿಲಿಗ್ರಾಮ್ ಮೀರಿದಲ್ಲಿ ಅಪಾಯವು ಇನ್ನೂ ಅಧಿಕ.

ಹುಟ್ಟಿದ ಕೂಸು ಕೆಲವೊಮ್ಮೆ ಮೈ ಸಡಿಲವಾಗಿ, ಮಂಕಾಗಿ, ಮೊಲೆ ಚೀಪಲಾರದೆ ಇರುವುದುಂಟು. ಉಸಿರಾಟದ ತೊಂದರೆ, ಥೈರಾಯ್ಡ್ ಗ್ರಂಥಿಯ ನ್ಯೂನತೆಗಳೂ ಉಂಟು. ಔಷಧವು ಮೈಯಿಂದ ಹೊರಟಂತೆ ಇವು ಬಹುಮಟ್ಟಿಗೆ ಇಳಿಯುತ್ತವೆ. ಆದುದರಿಂದ ಹೆರಿಗೆಯು ಆಸ್ಪತ್ರೆಯಲ್ಲಿಯೇ ಆಗತಕ್ಕದ್ದು. ಶಿಶುವನ್ನು ನೋಡುವ ವೈದ್ಯರಿಗೆ ಮುಂಚಿತವಾಗಿ ಎಲ್ಲವನ್ನೂ ತಿಳಿಸತಕ್ಕದ್ದು.

ಹಾಗಾದರೆ ಮಾತ್ರೆಯನ್ನು ಬಿಸುಡಬಹುದೇ? ಕೂಡದು. ಥಟ್ಟನೆ ನಿಲ್ಲಿಸಿದರೆ ರೋಗವು ಮರುಕಳಿಸಬಹುದು. ಅದರಲ್ಲಿಯೂ ಬಾಣಂತಿತನದ ಮೊದಲ ವಾರಗಳು ಇಂಥ ಹೆಂಗಸಿಗೆ ಮಹಾಸಂಕಟದ ಕಾಲ. ತಾಯಿಯ ಬುದ್ಧಿ ಕದಡಿದರೆ ಮಗುವಿಗೆ ರಕ್ಷಣೆಯೆಲ್ಲಿ?

ಇನ್ನೊಂದು ಮಾತು. ಗರ್ಭಕಾಲದಲ್ಲಿ ಮೂತ್ರಪಿಂಡಗಳು ಈ ಲವಣವನ್ನು ಬೇಗನೆ ಹೊರಹಾಕುವುದರಿಂದ ರಕ್ತದಲ್ಲಿ ಅದರ ಪ್ರಮಾಣವು ತಗ್ಗುತ್ತದೆ; ಹೆರಿಗೆಯಾದೊಡನೆ ಮತ್ತೆ ಏರುತ್ತದೆ. ವಾಂತಿ ಭೇದಿಗಳಿಂದ ಮೈಯ ನೀರು ಬತ್ತಿದರೂ ಏರಿ ವಿಷವಾಗಬಹುದು. ಆದಕಾರಣ ಆಗಾಗ್ಗೆ ರಕ್ತಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದಂತೆ ಪ್ರಮಾಣವನ್ನು ಬದಲಿಸಬೇಕು. ಮೊಲೆಹಾಲಿಗೂ ಇದು ಇಳಿಯುವುದರಿಂದ ಆ ವಿಚಾರವನ್ನೂ ಅವರಲ್ಲಿಯೇ ಕೇಳಿ ನಿಶ್ಚಯಿಸಬೇಕು. ಗರ್ಭಧಾರಣೆಗೆ ಮೊದಲೇ ಕೇಳುವುದು ಸರ್ವೋತ್ತಮ.

ಶಿಷ್ಯನು ಮೊನ್ನೆ ಬಂದಿದ್ದನು. ವೈದ್ಯರು ರಕ್ತವನ್ನು ಪರೀಕ್ಷಿಸಿ ಪ್ರಮಾಣವನ್ನು ನಿಗದಿ ಮಾಡಿರುವರಂತೆ. ಈಗ ಹೊತ್ತು ತಪ್ಪದೆ ಮಾತ್ರೆ ಕೊಡುವವರು ಆ ಅಜ್ಜಿಯವರೇ!