ಶೇ. 99ರ ಲೆಕ್ಕ ಎಷ್ಟು ಸರಿ? ಚಿಂಪಾಂಜಿ ಮತ್ತು ಮನುಷ್ಯನ ನಡುವಿನ ನಿಜವಾದ ದೂರ

ಮನುಷ್ಯನಿಗೂ ಚಿಂಪಾಂಜಿಗೂ ಶೇ. 99ರಷ್ಟು ಸಾಮ್ಯವಿದೆ ಎಂಬ ಮಾತು ಶಾಲೆಯ ಪಾಠದಿಂದ ಹಿಡಿದು ರಸಪ್ರಶ್ನೆ ಸ್ಪರ್ಧೆಯವರೆಗೆ ದಶಕಗಳಿಂದ ಕೇಳಿಬರುತ್ತಿದೆ. 2025ರ ಏಪ್ರಿಲ್‌ನಲ್ಲಿ 'ನೇಚರ್' ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನಾ ಪ್ರಬಂಧವೊಂದು ಈ ಅಂಕಿಯನ್ನು ಮತ್ತೆ ಚರ್ಚೆಗೆ ಎಳೆದು ತಂದಿತು. ಚಿಂಪಾಂಜಿ, ಬೊನೊಬೊ, ಗೊರಿಲ್ಲಾ, ಬೋರ್ನಿಯೋ ಮತ್ತು ಸುಮಾತ್ರಾದ ಎರಡು ಬಗೆಯ ಒರಾಂಗುಟಾನ್ ಹಾಗೂ ಸಿಯಮಾಂಗ್ ಎಂಬ ದೊಡ್ಡ ಗಿಬ್ಬನ್, ಈ ಆರು ವಾನರ ಪ್ರಭೇದಗಳ ಡಿಎನ್ಎಯನ್ನು ವರ್ಣತಂತುವಿನ ಒಂದು ತುದಿಯಿಂದ ಮತ್ತೊಂದು ತುದಿಯವರೆಗೆ ಹೆಚ್ಚುಕಡಿಮೆ ಪೂರ್ತಿಯಾಗಿ ಓದಿ ಮುಗಿಸಿದ ವರದಿ ಅದು. ಮನುಷ್ಯನ ಡಿಎನ್ಎಯೇ ಹೀಗೆ ಪೂರ್ತಿಯಾಗಿ ಓದಿಗೆ ಸಿಕ್ಕಿದ್ದು 2022ರಲ್ಲಿ.

ಪ್ರಬಂಧದಲ್ಲಿದ್ದ ಒಂದು ಸಾಲು ಹಲವರ ಕಣ್ಣಿಗೆ ಬಿತ್ತು. ಈ ಪ್ರಭೇದಗಳ ಡಿಎನ್ಎಯನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಿದಾಗ ಶೇ. 12.5ರಿಂದ 27.3ರಷ್ಟು ಭಾಗ ನೇರವಾಗಿ ಜೋಡಿಯಾಗಲಿಲ್ಲ ಎಂಬುದೇ ಆ ಸಾಲು. ವಿಕಾಸವಾದವನ್ನು ಒಪ್ಪದ ಅಮೆರಿಕದ ಡಿಸ್ಕವರಿ ಇನ್‌ಸ್ಟಿಟ್ಯೂಟ್‌ನಂಥ ಸಂಸ್ಥೆಗಳಿಗೆ ಅಷ್ಟೇ ಸಾಕಾಯಿತು. ಶೇ. 1ರ ವ್ಯತ್ಯಾಸ ಎಂಬುದು ಕಟ್ಟುಕತೆ, ಮನುಷ್ಯನಿಗೂ ವಾನರನಿಗೂ ನಂಟಿದೆ ಎಂಬ ವಾದ ಇನ್ನು ನಿಲ್ಲುವುದಿಲ್ಲ ಎಂಬರ್ಥದ ಬರಹಗಳು ಹರಿದಾಡಿದವು. ಆದರೆ ವಾಸ್ತವ ಸ್ಥಿತಿ ಬೇರೆಯೇ ಇದೆ. ಅದೇ ಪ್ರಬಂಧ, ಜೋಡಿಯಾಗುವ ಭಾಗಗಳಲ್ಲಿ ಮನುಷ್ಯನಿಗೂ ಚಿಂಪಾಂಜಿಗೂ ಅಕ್ಷರಕ್ಕೆ ಅಕ್ಷರ ಹೋಲಿಸಿದರೆ ವ್ಯತ್ಯಾಸ ಶೇ. 1.5ರ ಆಸುಪಾಸು ಎಂದೂ ಹೇಳಿದೆ. ಒಂದೇ ಪ್ರಬಂಧದ ಎರಡು ಅಂಕಿಗಳಲ್ಲಿ ಯಾವುದು ಸರಿ? ಎರಡೂ ಸರಿ. ಎರಡೂ ಬೇರೆ ಬೇರೆ ಪ್ರಶ್ನೆಗಳಿಗೆ ಸಿಕ್ಕ ಉತ್ತರಗಳು.

ಈ ಗೊಂದಲ ಹೊಸದೇನಲ್ಲ. ಶೇ. 99 ಎಂಬ ಮಾತಿನ ಮೂಲ 1975ರಷ್ಟು ಹಿಂದಕ್ಕೆ ಹೋಗುತ್ತದೆ. ಆ ವರ್ಷ ಮೇರಿ ಕ್ಲೇರ್ ಕಿಂಗ್ ಮತ್ತು ಆಲನ್ ವಿಲ್ಸನ್ ಎಂಬ ವಿಜ್ಞಾನಿಗಳು ಮನುಷ್ಯ ಮತ್ತು ಚಿಂಪಾಂಜಿಯ ಪ್ರೋಟೀನುಗಳನ್ನು ಹೋಲಿಸಿ, ಅವು ಸರಾಸರಿ ಶೇ. 99ಕ್ಕಿಂತ ಹೆಚ್ಚು ಒಂದೇ ಎಂದು ಬರೆದರು. ಡಿಎನ್ಎ ಓದುವ ಯಂತ್ರಗಳೇ ಇಲ್ಲದ ಕಾಲವದು. ಅವರ ಪ್ರಬಂಧದ ಮುಖ್ಯ ಮಾತಾದರೂ ಸಾಮ್ಯದ ಬಗ್ಗೆ ಆಗಿರಲಿಲ್ಲ. ಇಷ್ಟೊಂದು ಸಾಮ್ಯವಿದ್ದರೂ ಎರಡು ಜೀವಿಗಳು ನೋಟದಲ್ಲಿ, ನಡೆಯಲ್ಲಿ, ಬುದ್ಧಿಯಲ್ಲಿ ಇಷ್ಟು ಬೇರೆಯಾಗಿರುವುದು ಹೇಗೆ ಎಂಬುದು ಅವರ ಪ್ರಶ್ನೆಯಾಗಿತ್ತು. ಪ್ರೋಟೀನುಗಳಲ್ಲಿನ ವ್ಯತ್ಯಾಸ ಸಾಲದು, ಯಾವ ವಂಶವಾಹಿ ಯಾವಾಗ, ಎಲ್ಲಿ, ಎಷ್ಟು ಕೆಲಸ ಮಾಡಬೇಕು ಎಂಬ ನಿಯಂತ್ರಣದಲ್ಲೇ ವ್ಯತ್ಯಾಸವಿರಬೇಕು ಎಂದು ಅವರು ಊಹಿಸಿದರು. ಜನರ ಬಾಯಲ್ಲಿ ಅಂಕಿ ಉಳಿಯಿತು, ಪ್ರಶ್ನೆ ಮರೆತುಹೋಯಿತು.

2005ರಲ್ಲಿ ಕ್ಲಿಂಟ್ ಎಂಬ ಹೆಸರಿನ ಚಿಂಪಾಂಜಿಯ ಡಿಎನ್ಎಯ ಮೊದಲ ಕರಡು ಹೊರಬಂತು. ಒಂಟಿ ಅಕ್ಷರಗಳ ವ್ಯತ್ಯಾಸ ಶೇ. 1.23, ಅಂದರೆ ಸುಮಾರು ಮೂರೂವರೆ ಕೋಟಿ ಕಡೆ. ಇದಲ್ಲದೆ ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ ತುಂಡುಗಳು ಸುಮಾರು 50 ಲಕ್ಷ. ಅವುಗಳ ಒಟ್ಟು ಉದ್ದವನ್ನೂ ಸೇರಿಸಿದರೆ ವ್ಯತ್ಯಾಸ ಶೇ. 4ಕ್ಕೆ ಏರುತ್ತಿತ್ತು. ಹಾಗಾಗಿ ಶೇ. 96 ಎಂಬ ಲೆಕ್ಕವೂ ಅಂದಿನಿಂದಲೇ ಚಾಲ್ತಿಯಲ್ಲಿದೆ. ಯಂತ್ರಕ್ಕೆ ಓದಲಾಗದ ಭಾಗಗಳನ್ನು ಆಗ ಎರಡೂ ಲೆಕ್ಕಗಳಿಂದ ಹೊರಗಿಡಲಾಗಿತ್ತು. 2025ರಲ್ಲಿ ಸೇರಿದ್ದು ಆ ಭಾಗಗಳು.

ಯಕ್ಷಗಾನ ಪ್ರಸಂಗವೊಂದರ ಎರಡು ಹಳೆಯ ಕೈಬರಹದ ಪ್ರತಿಗಳನ್ನು ಎದುರಿಗಿಟ್ಟುಕೊಂಡರೆ ಈ ಲೆಕ್ಕದ ತಕರಾರು ಸುಲಭವಾಗಿ ಅರ್ಥವಾಗುತ್ತದೆ. ಪದ್ಯಕ್ಕೆ ಪದ್ಯ ಇಟ್ಟು ನೋಡಿದಾಗ ನೂರು ಅಕ್ಷರಗಳಲ್ಲಿ ಒಂದೋ ಎರಡೋ ಮಾತ್ರ ಬೇರೆ ಎನ್ನೋಣ. ಆದರೆ ಒಂದು ಪ್ರತಿ ಬರೆದವನು ಮಂಗಳ ಪದ್ಯವನ್ನು ಯಾವುದೋ ಕಾರಣಕ್ಕೆ ಇಪ್ಪತ್ತು ಪುಟ ಮತ್ತೆ ಮತ್ತೆ ಬರೆದಿದ್ದಾನೆ. ಇನ್ನೊಬ್ಬ ಒಂದೇ ಸಲ ಬರೆದಿದ್ದಾನೆ. ಪುಟಗಳ ಲೆಕ್ಕದಲ್ಲಿ ಎರಡು ಪ್ರತಿಗಳು ಬಹಳ ದೂರ, ಕಥೆ ಮತ್ತು ಪದ್ಯಗಳ ಲೆಕ್ಕದಲ್ಲಿ ಬಹಳ ಹತ್ತಿರ. ಹೊಸ ವರದಿಯಲ್ಲಿ ಜೋಡಿಯಾಗದೆ ಉಳಿದ ಭಾಗದಲ್ಲಿ ಬಹುಪಾಲು ಇಂಥ ಪುನರಾವರ್ತನೆಗಳೇ. ಚಿಂಪಾಂಜಿ, ಗೊರಿಲ್ಲಾಗಳ ವರ್ಣತಂತುಗಳ ತುದಿಗಳಲ್ಲಿ ಒಂದೇ ಸಣ್ಣ ಸಾಲು ಸಾವಿರಾರು ಬಾರಿ ಮರುಕಳಿಸುವ ಟೊಪ್ಪಿಯಂಥ ಭಾಗಗಳಿವೆ. ಮನುಷ್ಯನಲ್ಲಿ ಅವು ಇಲ್ಲ. ಇಂಥ ಜಾಗಗಳು ತಲೆಮಾರಿನಿಂದ ತಲೆಮಾರಿಗೆ ಬೇಗಬೇಗನೆ ಹಿಗ್ಗುತ್ತವೆ, ಕುಗ್ಗುತ್ತವೆ. ಇದೇ ಅಳತೆಗೋಲು ಹಿಡಿದರೆ ಒಂದೇ ಪ್ರಭೇದದ ಎರಡು ಪ್ರಾಣಿಗಳ ನಡುವಿನ ಅಂತರವೂ ಉಬ್ಬಿಕೊಳ್ಳುತ್ತದೆ. ಹೊಸ ಅಳತೆಯ ಚಿಂಪಾಂಜಿಯನ್ನು ಹಳೆಯ ಅಳತೆಯ ಮನುಷ್ಯನ ಪಕ್ಕ ನಿಲ್ಲಿಸಿ ದೂರ ಹೆಚ್ಚಾಯಿತು ಎನ್ನುವುದು ಫುಟ್ಟನ್ನೂ ಮೀಟರನ್ನೂ ಕೂಡಿಸಿದಂತೆ.

ಬಾಳೆಹಣ್ಣಿಗೂ ಮನುಷ್ಯನಿಗೂ ಅರ್ಧದಷ್ಟು ಸಾಮ್ಯ ಎಂಬ ಜನಪ್ರಿಯ ಮಾತಿನದೂ ಇದೇ ಕಥೆ. ಅಲ್ಲಿ ಎಣಿಸಿರುವುದು ಒಟ್ಟು ಡಿಎನ್ಎಯನ್ನಲ್ಲ, ಗುರುತು ಹಿಡಿಯುವಷ್ಟು ಹೋಲಿಕೆಯುಳ್ಳ ವಂಶವಾಹಿಗಳನ್ನು ಮಾತ್ರ. ಇಲಿಯ ವಿಷಯವನ್ನೇ ನೋಡಬಹುದು. ಅದರ ಸುಮಾರು ಶೇ. 99ರಷ್ಟು ವಂಶವಾಹಿಗಳಿಗೆ ಮನುಷ್ಯನಲ್ಲಿ ಯಾವುದಾದರೊಂದು ಸಂಬಂಧಿ ವಂಶವಾಹಿ ಸಿಗುತ್ತದೆ. ಆದರೆ ಎರಡರ ಡಿಎನ್ಎಯಲ್ಲಿ ಪಕ್ಕಪಕ್ಕ ಇಟ್ಟು ಜೋಡಿಸಲು ಸಾಧ್ಯವಾಗುವುದು ಸುಮಾರು ಶೇ. 40 ಮಾತ್ರ. ಏನನ್ನು ಎಣಿಸಿದ್ದು ಎಂದು ಹೇಳದೆ ಶೇಕಡಾವಾರು ಹೇಳುವವರಿಂದ ದೂರವಿರುವುದೇ ಲೇಸು.

ಹಾಗಾದರೆ ಮನುಷ್ಯ ಮತ್ತು ಚಿಂಪಾಂಜಿಗೆ ಒಬ್ಬನೇ ಪೂರ್ವಜ ಎಂಬುದು ಯಾವ ಆಧಾರದ ಮೇಲೆ ನಿಂತಿದೆ? ಇಲ್ಲೂ ಹಸ್ತಪ್ರತಿಗಳ ಉದಾಹರಣೆ ನೆರವಿಗೆ ಬರುತ್ತದೆ. ಹಳೆಯ ಕಾವ್ಯಗಳ ತಾಳೆಗರಿಗಳನ್ನು ಸಂಪಾದಿಸುವ ವಿದ್ವಾಂಸರು ಯಾವ ಪ್ರತಿ ಯಾವುದರ ಸಂತತಿ ಎಂದು ತೀರ್ಮಾನಿಸುವುದು ಸರಿಯಾದ ಅಕ್ಷರಗಳಿಂದಲ್ಲ, ತಪ್ಪುಗಳಿಂದ. ಎರಡು ಪ್ರತಿಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಬಗೆಯ ಕೈತಪ್ಪು ಕಂಡರೆ ಎರಡೂ ಆ ತಪ್ಪಿದ್ದ ಒಂದೇ ಮೂಲದಿಂದ ಇಳಿದವು ಎಂದು ಅರ್ಥ. ಡಿಎನ್ಎಯಲ್ಲೂ ಇಂಥ ಹಂಚಿಕೊಂಡ ತಪ್ಪುಗಳು ಧಾರಾಳವಾಗಿವೆ. ಹೆಚ್ಚಿನ ಸಸ್ತನಿಗಳ ದೇಹ ವಿಟಮಿನ್ ಸಿಯನ್ನು ತಾನೇ ತಯಾರಿಸಿಕೊಳ್ಳುತ್ತದೆ. ಮನುಷ್ಯನಿಗೆ ಆ ಶಕ್ತಿಯಿಲ್ಲ, ಅದಕ್ಕೇ ನೆಲ್ಲಿಕಾಯಿ, ನಿಂಬೆಹಣ್ಣು ಬೇಕು. ಅದನ್ನು ತಯಾರಿಸುವ ವಂಶವಾಹಿ ಮನುಷ್ಯನಲ್ಲಿ ಇಲ್ಲವೆಂದಲ್ಲ, ಇದೆ, ಆದರೆ ಕೆಟ್ಟು ಬಿದ್ದಿದೆ. ಚಿಂಪಾಂಜಿ, ಒರಾಂಗುಟಾನ್‌ಗಳಲ್ಲೂ ಅದೇ ವಂಶವಾಹಿ ಅದೇ ಜಾಗದಲ್ಲಿ ಅದೇ ರೀತಿ ಕೆಟ್ಟಿದೆ. ಗಿನಿಯಿಲಿಗೂ ಈ ಶಕ್ತಿಯಿಲ್ಲ, ಆದರೆ ಅಲ್ಲಿ ಅದು ಕೆಟ್ಟಿರುವ ಬಗೆ ಬೇರೆ.

ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಮನುಷ್ಯನ ಎರಡನೇ ವರ್ಣತಂತುವಿನಲ್ಲಿದೆ. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಿಗೆ 48 ವರ್ಣತಂತುಗಳಿದ್ದರೆ ಮನುಷ್ಯನಿಗೆ 46. ಒಂದು ಜೋಡಿ ಎಲ್ಲಿ ಹೋಯಿತು ಎಂಬ ಪ್ರಶ್ನೆ ಸಹಜ. 1991ರಲ್ಲಿ ಉತ್ತರ ಸಿಕ್ಕಿತು. ವರ್ಣತಂತುವಿನ ತುದಿಯಲ್ಲಿ ಮಾತ್ರ ಇರಬೇಕಾದ ಗುರುತಿನ ಸಾಲುಗಳು ಎರಡನೇ ವರ್ಣತಂತುವಿನ ನಡುವೆ ಮುಖಾಮುಖಿಯಾಗಿ ಕೂತಿವೆ. ಎರಡು ಪ್ರತ್ಯೇಕ ವರ್ಣತಂತುಗಳು ಹಿಂದೊಮ್ಮೆ ತುದಿಗೆ ತುದಿ ಬೆಸೆದುಕೊಂಡ ಜಾಗವದು. ಕೆಲಸ ನಿಲ್ಲಿಸಿದ ಎರಡನೇ ಕೇಂದ್ರಬಿಂದುವಿನ ಅವಶೇಷವೂ ಅಲ್ಲಿ ಉಳಿದಿದೆ. ಸಾಮ್ಯ ಶೇ. 99 ಇರಲಿ, 85 ಇರಲಿ, ಈ ಬೆಸುಗೆಯ ಗುರುತು ಅಳಿಯುವುದಿಲ್ಲ.

ನಂಟು ಹತ್ತಿರದ್ದು ಎಂದ ಮಾತ್ರಕ್ಕೆ ವ್ಯತ್ಯಾಸ ಸಣ್ಣದೆಂದೂ ಅಲ್ಲ. ಎಚ್ಎಆರ್-1 ಎಂದು ಕರೆಯುವ 118 ಅಕ್ಷರಗಳ ಪುಟ್ಟ ತುಂಡಿನ ವಿವರ 2006ರಲ್ಲಿ ಪ್ರಕಟವಾಯಿತು. ಕೋಳಿಗೂ ಚಿಂಪಾಂಜಿಗೂ ಅದರಲ್ಲಿ ಇರುವ ವ್ಯತ್ಯಾಸ ಎರಡೇ ಅಕ್ಷರ. ಆ ಎರಡರ ಪೂರ್ವಜರು ಬೇರೆಯಾಗಿ 30 ಕೋಟಿ ವರ್ಷಕ್ಕೂ ಹೆಚ್ಚಾಗಿದೆ. ಚಿಂಪಾಂಜಿಗೂ ಮನುಷ್ಯನಿಗೂ ಬರೇ ಸುಮಾರು 60 ಲಕ್ಷ ವರ್ಷಗಳ ಅಂತರ, ಆದರೂ ಅದೇ ತುಂಡಿನಲ್ಲಿ 18 ಅಕ್ಷರ ಬದಲಾಗಿವೆ. ಭ್ರೂಣದ ಮಿದುಳು ಬೆಳೆಯುವ ಹಂತದಲ್ಲಿ ಈ ತುಂಡು ಕೆಲಸ ಮಾಡುತ್ತದೆ. ಇನ್ನೊಂದು ಕುತೂಹಲದ ಸಂಗತಿಯೆಂದರೆ, ಮನುಷ್ಯನಲ್ಲಿ ಮಾತ್ರ ಹೆಚ್ಚುವರಿ ಪ್ರತಿಗಳಾಗಿರುವ ಎಸ್ಆರ್‌ಜಿಎಪಿ-2, ನಾಚ್-2 ಎಂಬ ವಂಶವಾಹಿಗಳು. ಮಿದುಳಿನ ಹೊರಪದರದ ಬೆಳವಣಿಗೆಯಲ್ಲಿ ಈ ಪ್ರತಿಗಳ ಪಾತ್ರವಿದೆ ಎಂದು 2012 ಮತ್ತು 2018ರ ಸಂಶೋಧನೆಗಳು ತೋರಿಸಿದವು. ಹಳೆಯ ಯಂತ್ರಗಳು ಗೊಂದಲಕ್ಕೆ ಬೀಳುತ್ತಿದ್ದ ಪುನರಾವರ್ತನೆಯ ಜಾಗಗಳಲ್ಲೇ ಇಂಥವು ಅಡಗಿದ್ದವು. ಆದ್ದರಿಂದ ಹೊಸ ಓದು ನಂಟನ್ನು ಅಲ್ಲಗಳೆದಿಲ್ಲ, ವ್ಯತ್ಯಾಸವನ್ನು ಎಲ್ಲಿ ಹುಡುಕಬೇಕೆಂದು ತೋರಿಸಿಕೊಟ್ಟಿದೆ. ಕಿಂಗ್ ಮತ್ತು ವಿಲ್ಸನ್ ಕೇಳಿದ ಪ್ರಶ್ನೆಗೆ ಐವತ್ತು ವರ್ಷಗಳ ಬಳಿಕ ಬಿಡಿಬಿಡಿಯಾಗಿ ಉತ್ತರ ಸಿಗತೊಡಗಿದೆ ಎನ್ನಬಹುದು.

ಭಾರತದಲ್ಲಿ ಈ ಚರ್ಚೆಗೆ ಬೇರೊಂದು ಬಣ್ಣವಿದೆ. 2018ರ ಜನವರಿಯಲ್ಲಿ ಆಗಿನ ಕೇಂದ್ರ ಮಾನವ ಸಂಪನ್ಮೂಲ ರಾಜ್ಯ ಸಚಿವ ಸತ್ಯಪಾಲ್ ಸಿಂಗ್, ಮಂಗ ಮನುಷ್ಯನಾದದ್ದನ್ನು ಯಾರೂ ಕಂಡಿಲ್ಲ, ಡಾರ್ವಿನ್ ಸಿದ್ಧಾಂತ ತಪ್ಪು ಎಂಬರ್ಥದ ಹೇಳಿಕೆ ನೀಡಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಸೇರಿದಂತೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಜಂಟಿಯಾಗಿ ಅದನ್ನು ಖಂಡಿಸಿದವು. 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗ ತೆಗೆದದ್ದು ಬೆಳಕಿಗೆ ಬಂದಾಗ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರ ಬರೆದರು. 12ನೇ ತರಗತಿಯ ಜೀವಶಾಸ್ತ್ರದಲ್ಲಿ ಅದು ಉಳಿದಿತ್ತೆಂಬುದು ನಿಜ. ಆದರೆ ಹತ್ತರ ನಂತರ ವಾಣಿಜ್ಯ, ಕಲಾ ವಿಭಾಗ ಸೇರುವ ಮಕ್ಕಳಿಗೆ ಅದರಿಂದ ಪ್ರಯೋಜನವಿಲ್ಲ. ಕೇರಳದ ರಾಜ್ಯ ಪಠ್ಯಕ್ರಮ ವಿಕಾಸದ ಪಾಠವನ್ನು ಹತ್ತರಲ್ಲೇ ಇರಿಸಿಕೊಂಡಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದನ್ನೇ ಓದುತ್ತಾರೆ.

ಪಾಠ ಇದ್ದರೂ ಭಾಷೆಯದೊಂದು ತೊಡಕು ಉಳಿಯುತ್ತದೆ. 'ಮಂಗನಿಂದ ಮಾನವ' ಎಂಬ ಪ್ರಾಸ ಕನ್ನಡದಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ತೋಟಕ್ಕೆ ನುಗ್ಗಿ ಬಾಳೆಗೊನೆ ಹಾಳು ಮಾಡುವ ಮಂಗವೇ ಮನುಷ್ಯನ ಮುತ್ತಜ್ಜ ಎಂದು ವಿಜ್ಞಾನ ಹೇಳುತ್ತದೆ ಎಂದೇ ಬಹಳ ಮಂದಿ ತಿಳಿದಿದ್ದಾರೆ. ಬಾಲವಿರುವ ಮಂಗ, ಮುಸುವಗಳೂ ಬಾಲವಿಲ್ಲದ ಚಿಂಪಾಂಜಿ, ಗೊರಿಲ್ಲಾಗಳೂ ಆಡುಮಾತಿನಲ್ಲಿ ಒಂದೇ ಪದದೊಳಗೆ ಬಂದುಬಿಡುತ್ತವೆ. ಭಾರತದಲ್ಲಿ ಬಾಲವಿಲ್ಲದ ವಾನರವೆಂದರೆ ಈಶಾನ್ಯ ರಾಜ್ಯಗಳ ಹೂಲಾಕ್ ಗಿಬ್ಬನ್ ಮಾತ್ರ, ದಕ್ಷಿಣದವರು ಕಾಡಿನಲ್ಲಿ ಅದನ್ನು ಕಂಡವರಲ್ಲ. ಚಿಂಪಾಂಜಿ ಕೂಡ ಮನುಷ್ಯನ ಅಜ್ಜನಲ್ಲ, ದಾಯಾದಿ. ಇಬ್ಬರಿಗೂ ಅಜ್ಜನಾದವನು ಬೇರೆ, ಅವನು ಇಂದು ಎಲ್ಲೂ ಇಲ್ಲ.

ಇನ್ನು ಮನುಷ್ಯ ಮನುಷ್ಯರ ನಡುವಿನ ಲೆಕ್ಕ. ಯಾವುದೇ ಇಬ್ಬರ ನಡುವೆ ಒಂಟಿ ಅಕ್ಷರಗಳ ವ್ಯತ್ಯಾಸ ಸಾವಿರಕ್ಕೆ ಒಂದರಷ್ಟು. ಆಫ್ರಿಕಾದ ಕ್ಯಾಮರೂನಿನಲ್ಲಿ ನದಿಯೊಂದರ ಆಚೀಚೆ ದಡದ ಚಿಂಪಾಂಜಿ ಗುಂಪುಗಳ ನಡುವಿನ ವ್ಯತ್ಯಾಸ ಬೇರೆ ಬೇರೆ ಖಂಡಗಳ ಮನುಷ್ಯರ ನಡುವಿನದಕ್ಕಿಂತ ಹೆಚ್ಚು ಎಂದು 2012ರ ಅಧ್ಯಯನ ಕಂಡುಕೊಂಡಿತು. ರಕ್ತಶುದ್ಧಿಯ ಮಾತಾಡುವವರು ಈ ಅಂಕಿಯನ್ನು ಉಲ್ಲೇಖಿಸುವುದು ಕಡಿಮೆ.

ವಾನರಗಳ ಮಟ್ಟಿಗೆ ಈ ಹತ್ತಿರದ ನಂಟು ದುಬಾರಿಯಾಗಿದೆ. ಮನುಷ್ಯನಿಗೆ ಎಚ್ಐವಿ ಬಂದದ್ದು ಚಿಂಪಾಂಜಿಯ ವೈರಾಣುವಿನಿಂದ ಎಂಬುದು ಎಲ್ಲರಿಗೂ ಗೊತ್ತು. ಆದರೆ ಎಚ್ಐವಿ ಚುಚ್ಚಿದ ಪ್ರಯೋಗಾಲಯದ ಚಿಂಪಾಂಜಿಗಳಲ್ಲಿ ಹೆಚ್ಚಿನವುಗಳಿಗೆ ಏಡ್ಸ್ ಬರಲೇ ಇಲ್ಲ. ಸಾಮ್ಯವನ್ನು ನಂಬಿ ನಡೆಸಿದ ಪ್ರಯೋಗಗಳು ವ್ಯತ್ಯಾಸಕ್ಕೆ ತಾಗಿ ನಿಂತವು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2015ರಲ್ಲಿ ಚಿಂಪಾಂಜಿಗಳ ಮೇಲಿನ ವೈದ್ಯಕೀಯ ಪ್ರಯೋಗಗಳಿಗೆ ನೆರವು ನಿಲ್ಲಿಸಿತು. ಅತ್ತ ಮನುಷ್ಯನಿಗೆ ನೆಗಡಿಗಿಂತ ಹೆಚ್ಚೇನೂ ಅಲ್ಲದ ವೈರಾಣುವೊಂದು 2013ರಲ್ಲಿ ಉಗಾಂಡಾದ ಕಿಬಾಲೆ ಕಾಡಿನ 56 ಚಿಂಪಾಂಜಿಗಳ ಗುಂಪೊಂದರಲ್ಲಿ ಐದನ್ನು ಕೊಂದಿತು. 2021ರ ಜನವರಿಯಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ಸಫಾರಿ ಪಾರ್ಕಿನ ಗೊರಿಲ್ಲಾಗಳಿಗೆ ಕೋವಿಡ್ ತಗಲಿತು. ಡಿಎನ್ಎ ಪೂರ್ತಿ ಓದಿ ಮುಗಿಸಿದ ಆ ಆರು ವಾನರ ಪ್ರಭೇದಗಳೂ ಅಳಿವಿನ ಅಂಚಿನಲ್ಲಿರುವ ಪ್ರಾಣಿಗಳ ಕೆಂಪು ಪಟ್ಟಿಯಲ್ಲಿವೆ. ಗೊರಿಲ್ಲಾ ಮತ್ತು ಆ ಎರಡೂ ಒರಾಂಗುಟಾನ್‌ಗಳು ಪಟ್ಟಿಯ ಅತ್ಯಂತ ಗಂಭೀರ ವರ್ಗದಲ್ಲಿವೆ.