ಎರಡೇ ಸೀಟಿನ ಬಸ್ಸು

2025ರ ಜೂನ್ 1ರಂದು ಲಂಡನ್ನಿನ ವೆಂಬ್ಲಿಯಲ್ಲಿ ನ್ಯಾಷನಲ್ ಲೀಗಿನ ಪ್ಲೇ-ಆಫ್ ಫೈನಲ್ ನಡೆಯಿತು. ಇಂಗ್ಲೆಂಡ್ ಫುಟ್‌ಬಾಲಿನಲ್ಲಿ ಇದು ಐದನೇ ದರ್ಜೆ. ಐದನೇ ದರ್ಜೆಯ ಪಂದ್ಯಕ್ಕೆ 50 ಸಾವಿರಕ್ಕೂ ಹೆಚ್ಚು ಜನ! ಸೌತೆಂಡ್ ಯುನೈಟೆಡ್ ಎರಡು ಸಲ ಮುಂದೆ ಹೋಯ್ತು, ಓಲ್ಡಮ್ ಅಥ್ಲೆಟಿಕ್ ಎರಡು ಸಲವೂ ಹಿಡಿದು ನಿಲ್ಲಿಸಿತು, ಕೊನೆಗೆ ಹೆಚ್ಚುವರಿ ಸಮಯದಲ್ಲಿ 3-2ರಿಂದ ಗೆದ್ದು ಮೇಲಿನ ಲೀಗ್ ಟೂಗೆ ಹತ್ತಿತು. ಆಮೇಲೆ ಶುರುವಾಯ್ತು ನೋಡಿ ಹೊಗಳಿಕೆ. ಫುಟ್‌ಬಾಲ್ ಅಂದ್ರೆ ಇದು, ಪ್ಲೇ-ಆಫ್ ಅಂದ್ರೆ ಇದು, ಹೀಗೆ.

ಎಲ್ಲಾ ಸರಿ ಸ್ವಾಮಿ, ಯಾರ್ಕ್ ಸಿಟಿ ಎಲ್ಲಿ ಹೋಯ್ತು?

ಆ ವರ್ಷ 46 ಪಂದ್ಯ ಆಡಿ 96 ಅಂಕ ಗಳಿಸಿ ಎರಡನೇ ಸ್ಥಾನದಲ್ಲಿ ನಿಂತಿದ್ದ ತಂಡ ಯಾರ್ಕ್. 102 ಅಂಕದ ಬಾರ್ನೆಟ್ ಚಾಂಪಿಯನ್ ಆಗಿ ನೇರವಾಗಿ ಮೇಲೆ ಹೋಯ್ತು. ಓಲ್ಡಮ್ ಇದ್ದದ್ದು ಐದನೇ ಸ್ಥಾನದಲ್ಲಿ, 73 ಅಂಕದೊಂದಿಗೆ. ಅಂದ್ರೆ ಯಾರ್ಕ್‌ಗಿಂತ 23 ಅಂಕ ಹಿಂದೆ. ಸೌತೆಂಡ್ ಏಳನೆಯದು. ಸೆಮಿಫೈನಲ್ಲಿನಲ್ಲಿ ಯಾರ್ಕ್ ತನ್ನ ಸ್ವಂತ ಮೈದಾನದಲ್ಲೇ ಓಲ್ಡಮ್ ಎದುರು 3-0 ಅಂತರದಲ್ಲಿ ಸೋತಿತು, ಅಲ್ಲಿಗೆ ಮುಗೀತು. ಆಗಸ್ಟಿನಿಂದ ಮೇವರೆಗಿನ ದುಡಿಮೆ ಒಂದು ಸಂಜೆಯಲ್ಲಿ ನೀರುಪಾಲು. ಆ ಸಂಜೆ ಓಲ್ಡಮ್ ಚೆನ್ನಾಗಿ ಆಡಿತು, ಗೆಲುವಿಗೆ ಅರ್ಹವಾಗಿಯೇ ಇತ್ತು. ನನ್ನ ಜಗಳ ಓಲ್ಡಮ್ ಜೊತೆಗಲ್ಲ. 1992ರಲ್ಲಿ ಪ್ರೀಮಿಯರ್ ಲೀಗ್ ಶುರುವಾದಾಗ ಅದರಲ್ಲೇ ಇದ್ದ ಕ್ಲಬ್ಬು, ಮೂವತ್ತು ವರ್ಷದಲ್ಲಿ ಜಾರುತ್ತಾ ಜಾರುತ್ತಾ ಐದನೇ ದರ್ಜೆಗೆ ಬಿದ್ದಿತ್ತು. ಆ ಊರಿನವರ ಕಣ್ಣೀರು ನಿಜವಾದದ್ದೇ.

ನನ್ನ ಜಗಳ ಲೆಕ್ಕದ ಜೊತೆ. ಪ್ರೀಮಿಯರ್ ಲೀಗಿನಿಂದ ವರ್ಷಕ್ಕೆ ಮೂರು ತಂಡ ಕೆಳಗೆ ಬರುತ್ತವೆ, ಮೂರು ಮೇಲೆ ಹೋಗುತ್ತವೆ. ಎರಡನೇ ಮತ್ತು ಮೂರನೇ ದರ್ಜೆಯ ನಡುವೆಯೂ ಮೂರು. ಮೂರನೇ ಮತ್ತು ನಾಲ್ಕನೇ ದರ್ಜೆಯ ನಡುವೆ ನಾಲ್ಕು. ನಾಲ್ಕು ಮತ್ತು ಐದರ ನಡುವೆ? ಎರಡೇ. ಒಂದು ಸೀಟು ಚಾಂಪಿಯನ್ನಿಗೆ. ಉಳಿದ ಒಂದಕ್ಕೆ ಎರಡನೇ ಸ್ಥಾನದಿಂದ ಏಳನೇ ಸ್ಥಾನದವರೆಗೆ ಆರು ತಂಡಗಳ ಕುಸ್ತಿ. ಇನ್ನೂ ತಮಾಷೆ ಕೇಳಿ: ಇದೇ ಐದನೇ ದರ್ಜೆಯಿಂದ ಕೆಳಗಿನ ನಾರ್ತ್, ಸೌತ್ ವಿಭಾಗಗಳಿಗೆ ಬೀಳೋದು ನಾಲ್ಕು ತಂಡ. ಮೇಲಕ್ಕೆ ಎರಡು, ಕೆಳಕ್ಕೆ ನಾಲ್ಕು. ಇದ್ಯಾವ ಲೆಕ್ಕ ಮಾರಾಯ್ರೆ?

ಇದು ಮೊದಲನೇ ಸಲವೂ ಅಲ್ಲ. 2023ರಲ್ಲಿ ಹಾಲಿವುಡ್ ನಟರು ಕೊಂಡ ರೆಕ್ಸಮ್ 111 ಅಂಕ ಗಳಿಸಿ ಮೇಲೆ ಹೋದದ್ದು ಜಗತ್ತಿಗೇ ಗೊತ್ತು. ಅದರ ಹಿಂದೆಯೇ ಇದ್ದ ನಾಟ್ಸ್ ಕೌಂಟಿಯದು 107. ವರ್ಷವಿಡೀ ಸೋತದ್ದು ಮೂರೇ ಪಂದ್ಯ, ಹೊಡೆದದ್ದು 117 ಗೋಲು. 1862ರಲ್ಲಿ ಹುಟ್ಟಿದ ಈ ಕ್ಲಬ್ಬು ಸೆಮಿಫೈನಲ್ಲಿನಲ್ಲಿ ಬೋರಮ್ ವುಡ್ ಎದುರು 0-2 ಹಿಂದೆ ಬಿದ್ದು, ಹೆಚ್ಚುವರಿ ಸಮಯದ ಕೊನೇ ಗಳಿಗೆಯ ಗೋಲಿನಿಂದ ಬಚಾವಾಯ್ತು. ಫೈನಲ್ಲಿನಲ್ಲಿ ತನಗಿಂತ 23 ಅಂಕ ಕಡಿಮೆ ಇದ್ದ ಚೆಸ್ಟರ್‌ಫೀಲ್ಡ್ ಎದುರು 87ನೇ ನಿಮಿಷದವರೆಗೂ ಸೋಲುತ್ತಿತ್ತು. ಕೊನೆಗೆ 2-2, ಪೆನಾಲ್ಟಿಯಲ್ಲಿ 4-3. ಪೆನಾಲ್ಟಿಗೆ ಅಂತಲೇ ಒಳಗೆ ಕಳಿಸಿದ ಬದಲಿ ಗೋಲ್‌ಕೀಪರ್ ಎರಡು ಹೊಡೆತ ತಡೆದ. ಎಲ್ಲರೂ ನಿಟ್ಟುಸಿರು ಬಿಟ್ಟರು, ನ್ಯಾಯ ಸಿಕ್ಕಿತು ಅಂದರು. ಇದಾ ನ್ಯಾಯ? ಆ ಎರಡು ಚೆಂಡು ಕೈಗೆ ಸಿಗದೆ ಹೋಗಿದ್ರೆ? ಎರಡು ವರ್ಷದ ನಂತರ ಯಾರ್ಕ್‌ಗೆ ಆ ಅದೃಷ್ಟ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಪ್ಲೇ-ಆಫ್ ಬೇಡ ಅಂತ ನಾನು ಹೇಳ್ತಿಲ್ಲ. ಅದು ಇರೋದರಿಂದಲೇ ಏಳನೇ, ಎಂಟನೇ ಸ್ಥಾನದ ಊರುಗಳಲ್ಲಿ ಏಪ್ರಿಲಿನಲ್ಲೂ ಜನ ಮೈದಾನಕ್ಕೆ ಬರ್ತಾರೆ, ಒಪ್ಪಿದೆ. ಆದರೆ ಲೀಗ್ ಟೂನಲ್ಲಿ ಮೊದಲ ಮೂರು ತಂಡ ನೇರವಾಗಿ ಮೇಲೆ ಹೋದ ಮೇಲೆ ನಾಲ್ಕನೇ ಸೀಟಿಗೆ ಪ್ಲೇ-ಆಫ್. ಅಲ್ಲಿ ಅದು ನಾಲ್ಕನೆಯವನಿಗೂ ಏಳನೆಯವನಿಗೂ ನಡುವಿನ ಪಂದ್ಯ. ಇಲ್ಲಿ ಎರಡನೆಯವನನ್ನೂ ಅದೇ ಜರಡಿಗೆ ಹಾಕಿದ್ದಾರೆ. ಅವನಿಗೆ ಕೊಟ್ಟಿರುವ ಸವಲತ್ತು ಅಂದ್ರೆ ಮೊದಲ ಸುತ್ತು ಆಡಬೇಕಿಲ್ಲ, ಸೆಮಿಫೈನಲ್ ಸ್ವಂತ ಮೈದಾನದಲ್ಲಿ. ನಮ್ಮ ಐಪಿಎಲ್‌ನವರು ಕೂಡ ಮೊದಲೆರಡು ಸ್ಥಾನದವರಿಗೆ ಸೋತರೂ ಇನ್ನೊಂದು ಅವಕಾಶ ಇಟ್ಟಿದ್ದಾರಲ್ಲ!

ಹಾಗಾದ್ರೆ ಮೂರನೇ ಸೀಟು ಯಾಕಿಲ್ಲ? ಅದನ್ನು ಕೊಡಬೇಕಾದವರು ಮೇಲಿನ ಕ್ಲಬ್ಬುಗಳು. ಸಂತೆ ದಿನದ ಬಸ್ಸಿನಲ್ಲಿ ನೋಡಿರ್ತೀರಿ. ಫುಟ್‌ಬೋರ್ಡಿನ ಮೇಲೆ ನಿಂತು "ಸ್ವಲ್ಪ ಒಳಗೆ ಹೋಗ್ರೀ" ಅಂತ ಕೂಗಾಡಿದ ಮನುಷ್ಯನೇ ಒಳಗೆ ಸೇರಿದ ಎರಡು ನಿಮಿಷಕ್ಕೆ "ಜಾಗ ಇಲ್ಲ, ರೈಟ್ ರೈಟ್" ಅಂತಾನೆ. 1986ರವರೆಗೆ ಇದು ನಿಯಮವಾಗಿಯೇ ಇತ್ತು: ಲೀಗಿನ ತಳದಲ್ಲಿದ್ದ ಕ್ಲಬ್ಬುಗಳು ಉಳಿಯಬೇಕೋ ಬೇಡವೋ ಅಂತ ಉಳಿದ ಕ್ಲಬ್ಬುಗಳು ವೋಟು ಹಾಕುತ್ತಿದ್ದವು. ಹೊರಗಿನವನು ಎಷ್ಟೇ ಚೆನ್ನಾಗಿ ಆಡಲಿ, ಒಳಗಿನವರ ಸ್ನೇಹದ ಮುಂದೆ ಅದು ನಡೀತಿದ್ದದ್ದು ಅಪರೂಪ. 1987ರಲ್ಲಿ ಸ್ಕಾರ್ಬರೋ ಮೊದಲ ಸಲ ವೋಟಿಲ್ಲದೆ, ಆಟದಿಂದಲೇ ಬಡ್ತಿ ಪಡೆಯಿತು. ಆದರೂ ಸೀಟು ಒಂದೇ. 1992ರಲ್ಲಿ ಕೋಲ್ಚೆಸ್ಟರ್, ವೈಕೊಂಬ್ ಎರಡೂ 94 ಅಂಕ ಗಳಿಸಿದವು, ಗೋಲು ವ್ಯತ್ಯಾಸದಿಂದ ಕೋಲ್ಚೆಸ್ಟರ್ ಹೋಯ್ತು, ವೈಕೊಂಬ್ ಉಳೀತು. ಎರಡನೇ ಸೀಟು ಬಂದದ್ದು 2003ರಲ್ಲಿ. ಅಲ್ಲಿಂದ 2025ಕ್ಕೆ ಇಪ್ಪತ್ತೆರಡು ವರ್ಷ.

2025ರ ಜನವರಿಯಲ್ಲಿ ನ್ಯಾಷನಲ್ ಲೀಗಿನ ಮೂರೂ ವಿಭಾಗಗಳ 72 ಕ್ಲಬ್ಬುಗಳು ಒಟ್ಟಾಗಿ "ಮೂರು ಕೊಡಿ" ಎಂದು ಮೇಲಿನವರನ್ನು ಕೇಳಿದವು. ಲೀಗ್ ಟೂ ಕ್ಲಬ್ಬಿನ ಮಾಲೀಕನ ಭಯ ನನಗೆ ಅರ್ಥ ಆಗುತ್ತೆ. ಕೆಳಗೆ ಬಿದ್ದರೆ ಟಿವಿ ದುಡ್ಡಿನ ಪಾಲು ಇಳಿಯುತ್ತೆ, ಆಟಗಾರರು ಬಿಟ್ಟು ಹೋಗ್ತಾರೆ, ತನ್ನ ಕೊಂಬೆಯನ್ನು ತಾನೇ ಯಾಕೆ ಕಡೀಬೇಕು ಅಂತ ಅವನ ಲೆಕ್ಕ. ಆದರೆ ಅವನೇ ತನ್ನ ಮೇಲಿನ ಲೀಗ್ ಒನ್ನಿಗೆ ನಾಲ್ಕು ಸೀಟು ಅನುಭವಿಸ್ತಿದ್ದಾನಲ್ಲ, ಅದಕ್ಕೇನು ಹೇಳ್ತಾನೆ? ಮೂರನೇ ಸೀಟು ಬಂದರೆ ಎರಡನೆಯವನನ್ನು ಸೀದಾ ಹತ್ತಿಸಿ, ವೆಂಬ್ಲಿಯ ಫೈನಲ್ಲನ್ನು ಆ ಮೂರನೇ ಸೀಟಿಗೆ ಇಟ್ಟುಕೊಳ್ಳಿ. ಓಲ್ಡಮ್ ಮತ್ತು ಸೌತೆಂಡ್ ಅದೇ ಪಂದ್ಯ ಆಡುತ್ತಿದ್ದವು, ಅದೇ 50 ಸಾವಿರ ಜನ ಬರುತ್ತಿದ್ದರು, ಅದೇ ಕಣ್ಣೀರು ಇರುತ್ತಿತ್ತು. ಯಾರ್ಕ್ ಆಗಲೇ ಲೀಗ್ ಟೂನಲ್ಲಿ ಇರುತ್ತಿತ್ತು. ಅದರ ಬದಲು ಅದು 2025ರ ಆಗಸ್ಟಿನಲ್ಲಿ ಮತ್ತೆ ಸೊನ್ನೆಯಿಂದ 46 ಪಂದ್ಯ ಆಡಲು ಇಳಿಯಬೇಕಾಯ್ತು.